ದೋಹಾ ಬಂದರಿನ ನಾರ್ವೆ ಅಜ್ಜಿ

ನಮ್ಮ ಹಡಗಿನಲ್ಲಿ ಒಂದು ವಾರ ಯಾವ ಎಡವಟ್ಟೂ ಆಗದೆ ಕಳೆದರೆ ಕ್ಯಾಪ್ಟನ್ ಸಾಹೇಬರಿಗೆ ಊಟ ರುಚಿಸುತ್ತಿರಲಿಲ್ಲ. "ಏನೋ ದೊಡ್ಡದೇ ಬರ್ತಾ ಇದೆ" ಎಂದು ಗೊಣಗುತ್ತಾ ಡೆಕ್ಕಿನ ಮೇಲೆ ಅಡ್ಡಾಡುತ್ತಿದ್ದರು. ಅವರ ಮಾತು ಸುಳ್ಳಾದದ್ದನ್ನು ನಾನಂತೂ ಕಂಡಿಲ್ಲ.

ತೊಂಬತ್ತರ ದಶಕದ ಮಾತು. ನಾನಾಗ ದೋಹಾದಲ್ಲಿ ಒಂದು ಹಳೇ ಕಾರ್ ಫೆರಿಯ ಸ್ಟೀವರ್ಡ್. ಹೊಟ್ಟೆಯೊಳಗೆ ಕಾರು, ಲಾರಿಗಳನ್ನು ತುಂಬಿಕೊಂಡು, ಮೇಲಿನ ಅಂತಸ್ತಿನಲ್ಲಿ ಜನರನ್ನು ಕೂರಿಸಿಕೊಂಡು ದೋಹಾದಿಂದ ಇರಾನಿನ ದಡಕ್ಕೆ ಹೋಗಿ ಬರುವ ಹಡಗು ಅದು. ಪ್ರಾಯದಲ್ಲಿ ನಾರ್ವೆಗೂ ಡೆನ್ಮಾರ್ಕಿಗೂ ನಡುವೆ ಮಂಜು ಸೀಳಿಕೊಂಡು ಓಡಾಡಿದ್ದಂತೆ. ಅಲ್ಲಿ ರಿಟೈರ್ ಆದ ಮೇಲೆ ನಮ್ಮ ಅರ್ಬಾಬ್, ಅಂದರೆ ದೋಹಾದ ಧಣಿ, ಅದನ್ನು ಕೊಂಡು ತಂದ. ನಾವು ಅದಕ್ಕೆ ಅಜ್ಜಿ ಎಂದೇ ಹೆಸರಿಟ್ಟಿದ್ದೆವು.

ಕ್ಯಾಪ್ಟನ್ ಗೋವಾದವರು. ಡೆಕ್ಕಿನ ಆಳುಗಳಿಗೆಲ್ಲ ಯಜಮಾನ ನಮ್ಮ ಉಳ್ಳಾಲದ ಬ್ಯಾರಿ ಸೆರಾಂಗರು. ವಯಸ್ಸಿನಲ್ಲಿ ಹಿರಿಯರಾದ್ದರಿಂದ ಎಲ್ಲರ ಬಾಯಲ್ಲೂ ಅವರು ಕಾಕ. ಅಡುಗೆಗೆ ಮಲ್ಪೆಯವನೊಬ್ಬ, ಹಡಗಿನಲ್ಲಿ ಅಡುಗೆಯವನನ್ನು ಭಂಡಾರಿ ಎನ್ನುವುದು ವಾಡಿಕೆ, ನಾವೂ ಹಾಗೇ ಕರೆಯುತ್ತಿದ್ದೆವು. ಇನ್ನು ಎಂಜಿನ್ ರೂಮಿನಲ್ಲಿ ನಾರ್ವೆಯ ಚೀಫ್ ಇಂಜಿನಿಯರ್. ಹಡಗು ಮಾರಿದಾಗ ಎಂಜಿನ್ನಿನ ಜೊತೆ ಈ ಮುದುಕರನ್ನೂ ಕಟ್ಟಿ ಕಳಿಸಿದ್ದರೋ ಏನೋ, ಅವರು ಇಲ್ಲದೆ ಆ ಎಂಜಿನ್ ಕೆಮ್ಮುತ್ತಲೂ ಇರಲಿಲ್ಲ.

ಹೆರ್ರೆರ್ ಮತ್ತು ಡಾಮೆರ್

ಹಡಗಿನ ತುಂಬಾ ಬೋರ್ಡುಗಳು ನಾರ್ವೆ ಭಾಷೆಯಲ್ಲಿದ್ದವು. ಇಂಗ್ಲಿಷ್ ಅಕ್ಷರ, ಅರ್ಥ ಮಾತ್ರ ಆ ದೇವರಿಗೇ ಗೊತ್ತು. ಅರ್ಬಾಬ್ ಹೊರಗೆ ಬಿಳಿ ಬಣ್ಣ ಹೊಡೆಸಿ, ಅರಬ್ಬಿಯಲ್ಲಿ ಹೊಸ ಹೆಸರು ಬರೆಸಿ, ಒಳಗಿನದನ್ನು ಹಾಗೇ ಬಿಟ್ಟಿದ್ದ.

ಮೊದಲ ಟ್ರಿಪ್ಪಿಗೆ ದೋಹಾದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯ ಟೀಚರುಗಳೆಲ್ಲ ಸಂಸಾರ ಸಮೇತ ಬಂದಿದ್ದರು. ಹಡಗು ಬಂದರು ದಾಟುವಷ್ಟರಲ್ಲಿ ಮಕ್ಕಳೂ ಹೆಂಗಸರೂ ಎರಡು ಟಾಯ್ಲೆಟ್ ಬಾಗಿಲುಗಳ ಮುಂದೆ ನಿಂತು ಯೋಚನೆಗೆ ಬಿದ್ದಿದ್ದರು. ಒಂದರ ಮೇಲೆ ಹೆರ್ರೆರ್, ಇನ್ನೊಂದರ ಮೇಲೆ ಡಾಮೆರ್.

"ಯಾವುದು ಲೇಡೀಸ್?" ಎಂದು ನನ್ನನ್ನು ಕೇಳಿದರು. ನಾನು ಕೆಲಸಕ್ಕೆ ಸೇರಿ ಎರಡು ದಿನವಾಗಿತ್ತು. ಕೆಳಗಿನ ನಮ್ಮ ಟಾಯ್ಲೆಟ್ಟಿಗೆ ಬೋರ್ಡೇ ಇರಲಿಲ್ಲ.

"ಕೇಳಿಕೊಂಡು ಬರ್ತೇನೆ ಮೇಡಂ" ಎಂದೆ.

ಹೆಡ್ ಮಿಸ್ಟ್ರೆಸ್ ತಡೆದರು. "ಕೇಳೋದೇನಿದೆ? ಓದಿದರೆ ಸಾಕಲ್ಲ. ಹರ್ ಅಂದರೆ ಅವಳ. ಹೆರ್ರೆರ್ ಅಂದರೆ ಹೆಂಗಸರದ್ದು. ಡಾಮೆರ್‌ನ ಕೊನೆ ನೋಡಿ, ಮೆರ್, ಅಂದರೆ ಮೆನ್."

ಎಷ್ಟು ಸರಳ! ಹೆಂಗಸರೆಲ್ಲ ಹೆರ್ರೆರ್‌ಗೆ ನುಗ್ಗಿದರು. ಗಂಡಸರು ಡಾಮೆರ್‌ಗೆ ಹೋದರು. ಒಳಗೆ ದೊಡ್ಡ ದೊಡ್ಡ ಕನ್ನಡಿ, ಕೂತು ತಲೆ ಬಾಚಿಕೊಳ್ಳಲು ಸ್ಟೂಲು, ಗುಲಾಬಿ ಬಣ್ಣದ ಗೋಡೆ. ಹೊರಬಂದ ಗಣಿತದ ಮೇಷ್ಟ್ರು, "ನಾರ್ವೆಯಲ್ಲಿ ಗಂಡಸರಿಗೆ ಎಷ್ಟೊಂದು ಮರ್ಯಾದೆ!" ಎಂದು ಕಣ್ಣರಳಿಸಿದರು.

ಅಷ್ಟರಲ್ಲಿ ಎಂಜಿನ್ ರೂಮಿನಿಂದ ಚೀಫ್ ಮೇಲೆ ಬಂದರು. ಕೈಯಲ್ಲಿ ಟವೆಲ್, ಬಾಯಲ್ಲಿ ಸಿಳ್ಳೆ. ನಾನು "ಚೀಫ್, ಚೀಫ್" ಎನ್ನುವಷ್ಟರಲ್ಲಿ ಹೆರ್ರೆರ್ ಬಾಗಿಲು ತಳ್ಳಿ ಒಳಗೆ ಹೋಗಿಬಿಟ್ಟರು. ಒಳಗಿನಿಂದ ಒಮ್ಮೆಗೇ ಕಿರುಚಾಟ. ಮರುಕ್ಷಣ ಚೀಫ್ ಹೊರಗೆ, ಅವರ ಹಿಂದೆ ಒಂದು ವ್ಯಾನಿಟಿ ಬ್ಯಾಗು, ಬ್ಯಾಗಿನ ಹಿಂದೆ ಹೆಡ್ ಮಿಸ್ಟ್ರೆಸ್.

"ಇಷ್ಟು ವಯಸ್ಸಾಗಿದೆ, ಬೋರ್ಡ್ ಓದಲಿಕ್ಕೆ ಬರೋದಿಲ್ವಾ?" ಎಂದು ಅವರು ಗದರಿದರು.

ಚೀಫ್ ಬೋರ್ಡು ನೋಡಿದರು, ಮೇಡಂ ಮುಖ ನೋಡಿದರು, ಮತ್ತೆ ಬೋರ್ಡು ನೋಡಿದರು. ಆಮೇಲೆ ಪಾಪ, ನನ್ನ ಕಿವಿಯ ಹತ್ತಿರ ಬಂದು ಕೇಳಿದರು: "ನಾನು ಹುಟ್ಟಿದಾಗಿನಿಂದ ತಪ್ಪು ಬಾಗಿಲಿಗೆ ಹೋಗ್ತಾ ಇದ್ದೇನಾ?"

ಬೆವರುವ ಕೋಣೆ

ಹಡಗಿನ ಕೆಳಗಿನ ಅಂತಸ್ತಿನಲ್ಲಿ ಒಂದು ಮರದ ಕೋಣೆಯಿತ್ತು. ಗೋಡೆ ಮರದ್ದು, ಮೆಟ್ಟಿಲಿನಂಥ ಬೆಂಚುಗಳೂ ಮರದವೇ, ಮೂಲೆಯಲ್ಲಿ ಕಲ್ಲು ತುಂಬಿದ ಒಂದು ಕರೆಂಟ್ ಒಲೆ. ಜುಲೈ ತಿಂಗಳ ಒಂದು ಮಧ್ಯಾಹ್ನ ಚೀಫ್ ಅದರ ಬಾಗಿಲು ತೆರೆದು ನನಗೂ ಕಾಕನಿಗೂ ಹೆಮ್ಮೆಯಿಂದ ತೋರಿಸಿದರು. "ಇದು ಸೌನಾ."

"ಇದರಲ್ಲಿ ಏನು ಮಾಡ್ತಾರೆ?" ಕಾಕ ಕೇಳಿದರು.

"ಒಲೆ ಹಚ್ಚಿ, ಬಾಗಿಲು ಹಾಕಿ, ಕೂತು ಬೆವರುತ್ತೇವೆ. ಮನಸ್ಸಿಗೆ ತುಂಬಾ ಆರಾಮ."

ಕಾಕ ಚೀಫ್‌ರ ಕೈ ಹಿಡಿದು ಮೆಟ್ಟಿಲು ಹತ್ತಿಸಿ ಬಿಸಿಲಿನಲ್ಲಿ ಧಗಧಗ ಎನ್ನುತ್ತಿದ್ದ ಡೆಕ್ಕಿಗೆ ಕರೆತಂದರು. "ಕೂತ್ಕೊಳ್ಳಿ ಸಾಬ್. ಇಡೀ ಕತಾರ್ ನಿಮ್ಮದೇ. ಕರೆಂಟೂ ಬೇಡ."

ಚೀಫ್ ರಜೆಯ ಮೇಲೆ ಊರಿಗೆ ಹೋದದ್ದೇ ತಡ, ಆ ಕೋಣೆಯ ಮೇಲೆ ಭಂಡಾರಿಯ ಕಣ್ಣು ಬಿತ್ತು. ಅವನಿಗೆ ಒಣಮೀನಿಲ್ಲದೆ ಗಂಜಿ ಇಳಿಯುತ್ತಿರಲಿಲ್ಲ. ಡೆಕ್ಕಿನ ಮೇಲೆ ಮೀನು ಹರಡಿದರೆ ಕಡಲಹಕ್ಕಿಗಳು ಬರುತ್ತವೆಂದು ಕ್ಯಾಪ್ಟನ್ ಬೈಯುತ್ತಿದ್ದರು. ಸೌನಾದಲ್ಲಿ ಹಕ್ಕಿಯೂ ಇಲ್ಲ, ಕ್ಯಾಪ್ಟನ್ನೂ ಇಲ್ಲ. ಬೆಂಚಿನ ಮೇಲೆ ಸಾಲಾಗಿ ಬಂಗುಡೆ ಮಲಗಿಸಿ ಒಲೆ ಹಚ್ಚಿದ. "ಊರಲ್ಲಿ ಮೂರು ದಿನ ಬೇಕು ಮಾರಾಯಾ, ಇಲ್ಲಿ ಒಂದೇ ದಿನ ಸಾಕು" ಎಂದು ಕುಣಿದಾಡಿದ. ದೋಹಾದ ನಜ್ಮಾ ಬಡಾವಣೆಯಲ್ಲಿ ನಾನಿದ್ದ ರೂಮಿನವರಿಗೆಲ್ಲ ಆ ವರ್ಷ ಅವನದೇ ಒಣಮೀನು.

ಚಳಿಗಾಲಕ್ಕೆ ಚೀಫ್ ವಾಪಸ್ ಬಂದರು. ಅದೇ ವಾರ ಹಡಗಿನ ತಪಾಸಣೆಗೆ ನಾರ್ವೆಯಿಂದಲೇ ಇಬ್ಬರು ಸರ್ವೇಯರುಗಳು ಬಂದರು. ಅವರು ಒಪ್ಪದಿದ್ದರೆ ಅಜ್ಜಿ ಬಂದರು ಬಿಟ್ಟು ಕದಲುವ ಹಾಗಿಲ್ಲ, ನಮ್ಮೆಲ್ಲರ ಕೆಲಸವೂ ಹೋದ ಹಾಗೆಯೇ. ದಿನವಿಡೀ ಟಾರ್ಚು ಹಿಡಿದು ಮೂಲೆ ಮೂಲೆ ನೋಡಿದರು. ಇಬ್ಬರ ಮುಖದಲ್ಲೂ ನಗು ಎಂಬುದಿಲ್ಲ. ಸಂಜೆ ಚೀಫ್ ಅವರ ಹೆಗಲು ತಟ್ಟಿ, "ನಡೀರಿ, ಸೌನಾ ಬಿಸಿ ಮಾಡಿಸಿದ್ದೇನೆ" ಎಂದರು.

ಪಕ್ಕದಲ್ಲಿ ಚಹಾ ಕೊಡುತ್ತಿದ್ದ ಭಂಡಾರಿ ಕೆಟಲನ್ನು ನನ್ನ ಕೈಗೆ ತುರುಕಿ ಕೆಳಗೆ ಓಡಿದ. ಮೀನನ್ನು ಅವನು ಎಂದೋ ತೆಗೆದಿದ್ದ. ಸೋಪು ಹಾಕಿ ಉಜ್ಜಿ, ಲಿಂಬೆ ಹಣ್ಣು ತಿಕ್ಕಿ ತೊಳೆದೂ ಇದ್ದ. ಆದರೆ ಮರ ವಾಸನೆ ಬಿಡುತ್ತದೆಯೇ? ಕಲ್ಲು ಕಾದಂತೆಲ್ಲ ಬೆಂಚು ತಾನು ಕುಡಿದದ್ದನ್ನೆಲ್ಲ ಹೊರಗೆ ಬಿಟ್ಟಿತು. ಬಾಗಿಲ ಹೊರಗೆ ನಿಂತಿದ್ದ ನಮಗೇ ಮಲ್ಪೆ ಕಾಣತೊಡಗಿತು.

"ಮುಗೀತು, ಖಲಾಸ್. ನಾಳೆಯೇ ಊರಿಗೆ ಟಿಕೆಟ್" ಎಂದು ಭಂಡಾರಿ ತಲೆಗೆ ಕೈ ಹೊತ್ತು ಕೂತ.

ಬಾಗಿಲು ತೆರೆಯಿತು. ಹಿರಿಯ ಸರ್ವೇಯರ್ ಟವೆಲ್ ಸುತ್ತಿಕೊಂಡು ಹೊರಗೆ ಬಂದರು. ಕಣ್ಣಲ್ಲಿ ನೀರು. ಅವರು ಚೀಫ್‌ರನ್ನು ತಬ್ಬಿಕೊಂಡು ಅವರ ಭಾಷೆಯಲ್ಲಿ ಏನೇನೋ ಹೇಳಿದರು. ಚೀಫ್ ನಮಗೆ ಇಂಗ್ಲಿಷಿನಲ್ಲಿ ವಿವರಿಸಿದರು: "ಇವರ ಊರಲ್ಲಿ ಅಜ್ಜಿ ಮನೆಯ ಹಿಂದೆ ಮೀನು ಒಣಗಿಸುತ್ತಿದ್ದರಂತೆ. ಆಕೆ ತೀರಿಹೋದ ಮೇಲೆ ಈ ಪರಿಮಳ ಸಿಕ್ಕಿದ್ದು ಇವತ್ತೇ ಅಂತೆ."

ಹಡಗು ಪಾಸಾಯಿತು. ಸರ್ವೇಯರುಗಳು ಇಬ್ಬರೂ ನಗುನಗುತ್ತಾ ಇಳಿದರು. ಅವರು ಟ್ಯಾಕ್ಸಿ ಹತ್ತುವ ತನಕ ಬಂದರಿನ ಬೆಕ್ಕುಗಳೆಲ್ಲ ಬಾಲವೆತ್ತಿ ಹಿಂದೆಯೇ ನಡೆದು, ಬಾಗಿಲು ಹಾಕಿದ ಮೇಲೆ ಬಾನೆಟ್ಟಿನ ಮೇಲೆ ಹತ್ತಿ ಕೂತವು.

ಸಿಟ್ಟಿನ ಮನುಷ್ಯ

ಚಳಿಗಾಲದಲ್ಲಿ ಬೇಟೆಗೆ ಹೋಗುವ ಕತಾರಿಗಳು ತಮ್ಮ ಗಿಡುಗಗಳನ್ನೂ ಕರೆದುಕೊಂಡು ಬರುತ್ತಿದ್ದರು. ಅವಕ್ಕೆ ಎಸಿ ಇರುವ ಕ್ಯಾಬಿನ್ನೇ ಆಗಬೇಕು. ಒಬ್ಬರಂತೂ ತಮ್ಮ ಹಕ್ಕಿಗೆ ಒಂದಿಡೀ ಕ್ಯಾಬಿನ್ ಹಿಡಿದು, ಪರದೆ ಎಳೆಸಿ ಕತ್ತಲೆ ಮಾಡಿಸಿ, "ಶಾಹೀನ್ ಮಲಗಿದ್ದಾನೆ, ಯಾರೂ ಗಲಾಟೆ ಮಾಡಬಾರದು" ಎಂದು ನನಗೆ ತಾಕೀತು ಮಾಡಿ ಊಟಕ್ಕೆ ಹೋದರು. ಶಾಹೀನ್ ಅಂದರೆ ಅರಬ್ಬಿಯಲ್ಲಿ ಆ ಜಾತಿಯ ಗಿಡುಗ. ಮನುಷ್ಯರಿಗೂ ಅದೇ ಹೆಸರಿಡುವುದುಂಟು.

ಅಂದು ದೋಹಾದ ಅಲ್ ಹಿಲಾಲ್‌ನಲ್ಲಿ ಮನೆ ಮಾಡಿಕೊಂಡಿದ್ದ ನಮ್ಮ ಮಂಗಳೂರಿನ ಕಂಟ್ರಾಕ್ಟರ್ ಒಬ್ಬರು ಪ್ರಯಾಣಕ್ಕೆ ಬಂದಿದ್ದರು. ಕ್ಯಾಬಿನ್ ಸಿಕ್ಕಿರಲಿಲ್ಲ. ಸೊಂಟ ನೋವು, ಒಂದು ಗಳಿಗೆ ಅಡ್ಡಾಗಬೇಕು ಎಂದು ನನ್ನ ಬೆನ್ನು ಬಿದ್ದರು.

"ಆ ಕೋಣೆಯಲ್ಲಿ ಯಾರು ಇದ್ದಾರೆ?"

"ಶಾಹೀನ್."

"ಒಬ್ಬರೇ?"

"ಒಬ್ಬರೇ."

"ಹಾಗಾದರೆ ಒಂದು ಮಂಚ ಖಾಲಿ ಇದೆಯಲ್ಲ ಮಾರಾಯರೇ! ನಾನು ಮಾತಾಡಿಕೊಳ್ತೇನೆ, ನೀವು ಬಿಡಿ. ಅರಬರನ್ನು ಒಲಿಸೋದು ನನಗೆ ಗೊತ್ತು."

ನಾನು ಬಾಯಿ ತೆರೆಯುವ ಮೊದಲೇ ಕೂದಲು ನೀವಿಕೊಂಡು, ಬಾಗಿಲು ತಟ್ಟಿ, ಒಳಗೆ ಹೋಗಿಯೇಬಿಟ್ಟರು. ಕತ್ತಲಲ್ಲಿ ಅವರ ದನಿ ಕೇಳಿಸಿತು, ಜೇನಿನಂಥ ದನಿ: "ಅಸ್ಸಲಾಮು ಅಲೈಕುಂ, ಯಾ ಶಾಹೀನ್." ಆಮೇಲೆ ಪಟಪಟ ಎಂಬ ಸದ್ದು. ಆಮೇಲೆ ತುಳುವಿನಲ್ಲಿ ಒಂದು ದೊಡ್ಡ ಕೂಗು.

ಹೊರಗೆ ಬಂದವರು ಬೆರಳು ಬಾಯಲ್ಲಿಟ್ಟುಕೊಂಡಿದ್ದರು. "ಎಂಥ ಮನುಷ್ಯ ಅವನು? ಸಲಾಂ ಹೇಳಿದರೆ ಉತ್ತರ ಇಲ್ಲ. ಹೋಗಲಿ, ಕೈಯಾದರೂ ಕುಲುಕುವಾ ಅಂತ ಚಾಚಿದೆ. ಕಚ್ಚಿದ ಮಾರಾಯರೇ, ಕಚ್ಚಿದ!"

ತಾಯಿಯ ದನಿ

ಅಜ್ಜಿಯ ಲೌಡ್‌ಸ್ಪೀಕರಿಗೊಂದು ಚಾಳಿ. ಹಡಗು ಹೊರಟು ಸ್ವಲ್ಪ ಹೊತ್ತಿಗೆ ಯಾರೂ ಏನೂ ಮುಟ್ಟದಿದ್ದರೂ 'ಡಿಂಗ್ ಡಾಂಗ್' ಎಂದು ಗಂಟೆ ಹೊಡೆದು, ಒಳಗೆಲ್ಲೋ ಸಿಕ್ಕಿಕೊಂಡಿದ್ದ ಹಳೇ ಟೇಪು ತಾನಾಗಿ ತಿರುಗುತ್ತಿತ್ತು. ನಾರ್ವೆ ಭಾಷೆಯಲ್ಲಿ ಒಬ್ಬ ಹೆಂಗಸು ಮಾತಾಡುತ್ತಿದ್ದಳು. ಆ ದನಿಯೋ, ನಿಧಾನ, ಗಂಭೀರ, ಅಕ್ಕರೆ ತುಂಬಿದ್ದು. ಕೇಳಿದರೆ ಎದ್ದು ನಿಲ್ಲಬೇಕು ಎನಿಸುತ್ತಿತ್ತು. ಕೆಲವರು ನಿಲ್ಲುತ್ತಲೂ ಇದ್ದರು.

"ಏನು ಹೇಳ್ತಾ ಇದ್ದಾಳೆ?" ಎಂದು ಪ್ರಯಾಣಿಕರು ನನ್ನನ್ನೇ ಕೇಳುತ್ತಿದ್ದರು. ಚೀಫ್ ಆ ಹೊತ್ತಿಗೆ ಎಂಜಿನ್ನಿನ ಗದ್ದಲದಲ್ಲಿ ಮುಳುಗಿರುತ್ತಿದ್ದರು. ಅವರಿಗೆ ಅದು ಕೇಳಿಸುವ ಪ್ರಶ್ನೆಯೇ ಇಲ್ಲ. ಹಾಗಾಗಿ ಅನುವಾದದ ಜವಾಬ್ದಾರಿ ನನ್ನ ಮೇಲೆ ಬಿತ್ತು. "ಮಕ್ಕಳನ್ನು ಕಟಕಟೆಯ ಹತ್ತಿರ ಬಿಡಬೇಡಿ, ವಯಸ್ಸಾದವರನ್ನು ನೋಡಿಕೊಳ್ಳಿ, ಸಮುದ್ರಕ್ಕೆ ಕಸ ಹಾಕಬೇಡಿ" ಎಂದು ಹಿಂದಿಯಲ್ಲೂ ಮಲಯಾಳದಲ್ಲೂ ಹೇಳುತ್ತಿದ್ದೆ. ಎಲ್ಲರೂ ತಲೆದೂಗುತ್ತಿದ್ದರು.

ಒಮ್ಮೆ ಕಸ್ಟಮ್ಸಿನ ದೊಡ್ಡ ಅಧಿಕಾರಿಯೊಬ್ಬರು ಮನೆಯವರ ಜೊತೆ ಪ್ರಯಾಣಿಸಿದರು. ಗಡ್ಡ ನೆರೆತ, ಬಹಳ ಶಿಸ್ತಿನ ಮನುಷ್ಯ. ಟೇಪು ಮುಗಿಯುವವರೆಗೂ ಕೈ ಕಟ್ಟಿ ಕೇಳಿ, ನನ್ನ ಅನುವಾದವನ್ನೂ ಕೇಳಿ, ಕ್ಯಾಪ್ಟನ್‌ರನ್ನು ಕರೆಸಿದರು. "ಮಾಶಾ ಅಲ್ಲಾ! ತಾಯಿ ಮಕ್ಕಳಿಗೆ ಬುದ್ಧಿ ಹೇಳಿದ ಹಾಗಿದೆ. ಇದನ್ನು ಯಾವತ್ತೂ ನಿಲ್ಲಿಸಬೇಡಿ. ಪ್ರತಿ ಟ್ರಿಪ್ಪಿನಲ್ಲೂ ಹಾಕಿ."

ಕ್ಯಾಪ್ಟನ್ ಎದೆಯುಬ್ಬಿಸಿ, "ಆಗಲಿ ಸರ್" ಎಂದರು.

ಕೆಲವು ದಿನ ಕಳೆದು ಬಂದರು ಬಿಟ್ಟ ಸ್ವಲ್ಪ ಹೊತ್ತಿಗೇ ಎಂಜಿನ್ ಕೆಟ್ಟು ನಿಂತ ಒಂದು ಸಂಜೆ, ಅದು ತಣ್ಣಗಾಗಲೆಂದು ಕಾಯುತ್ತಾ ಚೀಫ್ ನಮ್ಮ ಜೊತೆ ಚಹಾ ಕುಡಿಯುತ್ತಾ ಕೂತಿದ್ದರು. 'ಡಿಂಗ್ ಡಾಂಗ್.' ಆಕೆಯ ದನಿ ಕೇಳಿದ್ದೇ ಚೀಫ್‌ರ ಮೂಗಿನಿಂದ ಚಹಾ ಹೊರಗೆ ಬಂತು. ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು.

"ಎಂತ ಹೇಳ್ತಾಳೆ ಅವಳು?" ಕಾಕ ಕೇಳಿದರು.

"'ಗಡಿ ದಾಟಿದ್ದೇವೆ, ಬಾರ್ ತೆರೆದಿದೆ. ಇಂದು ಬಿಯರ್ ಅರ್ಧ ಬೆಲೆಗೆ. ಬೇಗ ಬನ್ನಿ, ಕುಣಿಯಲು ಬ್ಯಾಂಡ್ ಕೂಡ ಇದೆ.'"

ಕ್ಯಾಪ್ಟನ್ ಲೋಟ ಕೆಳಗಿಟ್ಟರು. ಟೇಪು ನಿಲ್ಲಿಸಿದರೆ ಯಾಕೆ ನಿಲ್ಲಿಸಿದಿರಿ ಎಂದು ಕಸ್ಟಮ್ಸ್ ಕೇಳುತ್ತದೆ; ಕಾರಣ ಹೇಳುವ ಹಾಗಿಲ್ಲ. ಹೀಗಾಗಿ ನಾನು ಆ ಹಡಗು ಬಿಡುವವರೆಗೂ, ಒಂದು ಹನಿ ಬಿಯರೂ ಇಲ್ಲದ ನಮ್ಮ ಹಡಗಿನಲ್ಲಿ ಕಸ್ಟಮ್ಸ್ ಸಾಹೇಬರ ಅಪ್ಪಣೆಯ ಮೇರೆಗೆ ದಿನಾ ಬಿಯರ್ ಮಾರುತ್ತಲೇ ಇದ್ದೆವು.

ಹಿಂದುಮುಂದಾದ ಮದುಮಗ

ಇನ್ನು ಮದುವೆಯ ಸಂಗತಿ. ಇದನ್ನು ಹೇಳಲು ಹೊರಟರೆ ನನಗೆ ಈಗಲೂ ಅರ್ಧದಲ್ಲೇ ನಗು ಬರುತ್ತದೆ.

ಹುಡುಗಿ ದೋಹಾದ ಮದೀನತ್ ಖಲೀಫಾದವಳು, ಒಬ್ಬ ಸಗಟು ವ್ಯಾಪಾರಿಯ ಮಗಳು. ಹುಡುಗ ಇರಾನ್ ದಡದ ಅರಬ್ ಮನೆತನದವನು. ನಿಕಾಹ್ ದೋಹಾದಲ್ಲಿ, ಸಂಜೆಗೆ. ಮದುಮಗ ತನ್ನ ಬಿಳಿ ಕಾರಿಗೆ ಹೂವು, ರಿಬ್ಬನ್ನು ಕಟ್ಟಿಸಿ, ಹಿಂದಿನ ಸೀಟಿನಲ್ಲಿ ತನ್ನ ಮುದಿ ಅಜ್ಜಿಯನ್ನು ಕೂರಿಸಿಕೊಂಡು ನಮ್ಮ ಹಡಗು ಹತ್ತಿದ.

ನಮ್ಮ ಹಡಗಿಗೆ ಎರಡು ಬಾಗಿಲು. ಗಾಡಿಗಳು ಹಿಂದಿನ ಬಾಗಿಲಿನಿಂದ ಹತ್ತಿ, ಊರು ಬಂದಾಗ ಮುಂದಿನ ಬಾಗಿಲಿನಿಂದ ನೇರವಾಗಿ ಇಳಿದು ಹೋಗುತ್ತಿದ್ದವು. ಮದುಮಗ ಮೊದಲು ಇಳಿಯಲಿ ಎಂದು ಕಾಕ ಅವನ ಕಾರನ್ನು ಎಲ್ಲಕ್ಕಿಂತ ಮುಂದೆ ನಿಲ್ಲಿಸಿದರು. ಅದರ ಹಿಂದೆ ಪಿಕಪ್ಪುಗಳು, ಕಲ್ಲಂಗಡಿ ಲಾರಿ, ಕೊನೆಗೆ ಕುರಿ ತುಂಬಿದ ಲಾರಿ.

ದೋಹಾ ತಲುಪಿದೆವು. ದಡದಲ್ಲಿ ಹೆಣ್ಣಿನ ಕಡೆಯವರು ಡೋಲು, ಪನ್ನೀರು, ಧೂಪ ಹಿಡಿದು ನಿಂತಿದ್ದರು. ಚೀಫ್ ಗುಂಡಿ ಒತ್ತಿದರು. ಮುಂದಿನ ಬಾಗಿಲು ಮೊಣಕಾಲೆತ್ತರಕ್ಕೆ ಎದ್ದು, ಕೀಂಯ್ ಎಂದು ನಿಂತುಬಿಟ್ಟಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಮದುಮಗ ಕಾರಿನಿಂದ ಇಳಿದು ಬಗ್ಗಿ ನೋಡಿದ. ಸಂದಿಯಲ್ಲಿ ಅವನಿಗೆ ಕಂಡದ್ದು ಮಾವನ ಚಪ್ಪಲಿ ಮಾತ್ರ.

"ನಿಕಾಹ್‌ಗೆ ಹೊತ್ತಾಗ್ತಾ ಇದೆ! ಯಲ್ಲಾ, ಯಲ್ಲಾ!" ಎಂದು ಹುಡುಗ ಕೂಗಿದ. ಹೊರಗಿನಿಂದ ಮಾವನೂ ಅದನ್ನೇ ಕೂಗಿದರು. ಚೀಫ್ ಸುತ್ತಿಗೆ ಹಿಡಿದು ಕಬ್ಬಿಣದ ಜೊತೆ ಗುದ್ದಾಡಿದರು. ಪ್ರಯೋಜನವಾಗಲಿಲ್ಲ. "ಬಾಗಿಲು ಮಾಫಿ" ಎಂದು ಕಾಕ ಕೈಯಾಡಿಸಿದರು, ಅಲ್ಲಿನ ಅರಬ್ಬಿಯಲ್ಲಿ ಮಾಫಿ ಅಂದರೆ ಇಲ್ಲ. ಪಕ್ಕದ ಏಣಿಯಿಂದ ನಡೆದು ಇಳಿದು ಹೋಗು ಎಂದರೆ ಹುಡುಗ ಒಪ್ಪಲಿಲ್ಲ. ಅಜ್ಜಿಗೆ ಕಾಲು ಬಾರದು, ಅವಳನ್ನು ಬಿಟ್ಟು ಅವನು ಹೆಜ್ಜೆ ಕಿತ್ತಿಡುವವನಲ್ಲ.

ಕೊನೆಗೆ ಕ್ಯಾಪ್ಟನ್ ತೀರ್ಮಾನ ಮಾಡಿದರು. "ಹಡಗು ತಿರುಗಿಸ್ತೇನೆ. ಹಿಂದಿನ ಬಾಗಿಲು ದಡಕ್ಕೆ ಕೊಡೋಣ. ಗಾಡಿಗಳೆಲ್ಲ ರಿವರ್ಸ್‌ನಲ್ಲಿ ಇಳೀಲಿ."

ಹಡಗು ದಡ ಬಿಟ್ಟು ದೂರ ಸರಿಯಿತು. ಡೋಲಿನವರು ಕಕ್ಕಾಬಿಕ್ಕಿಯಾದರು. ನಾವು ತಿರುಗಿ, ಬೆನ್ನು ಕೊಟ್ಟು ಮತ್ತೆ ದಡಕ್ಕೆ ಬಂದೆವು. ಹಿಂದಿನ ಬಾಗಿಲು ಬೆಣ್ಣೆಯ ಹಾಗೆ ತೆರೆಯಿತು. ಮೊದಲು ಬರುವುದು ಮದುಮಗನೇ ಎಂದು ನಂಬಿದ್ದ ಡೋಲಿನವರು ಜೋರಾಗಿ ಬಾರಿಸಿದರು, ಹೆಂಗಸರು ನಾಲಿಗೆಯಾಡಿಸಿ ಮಂಗಳದ ಕೂಗು ಹಾಕಿದರು. ರಿವರ್ಸ್‌ನಲ್ಲಿ ಇಳಿದದ್ದು ಕುರಿ ಲಾರಿ. ಬಾರಿಸಲು ಶುರು ಮಾಡಿದವರು ನಿಲ್ಲಿಸುವುದು ಹೇಗೆ? ಕುರಿಗಳಿಗೆ ಪನ್ನೀರು ಚಿಮುಕಿಸಿದರು. ಆಮೇಲೆ ಕಲ್ಲಂಗಡಿ ಲಾರಿ. ಅದರ ಪಠಾಣ್ ಡ್ರೈವರ್ ಜನ್ಮದಲ್ಲಿ ಅಂಥ ಸ್ವಾಗತ ಕಂಡಿರಲಿಲ್ಲ. ಇಳಿದು ಬಂದು, ಕಣ್ಣೊರೆಸಿಕೊಂಡು, ಡೋಲಿಗೆ ತಕ್ಕಂತೆ ಎರಡು ಸುತ್ತು ಕುಣಿದ. ಪಿಕಪ್ಪುಗಳು ಬರುವಷ್ಟರಲ್ಲಿ ಪನ್ನೀರು ಖಾಲಿಯಾಗಿ, ಡೋಲಿನವರ ಕೈ ಸೋತು, ಎಲ್ಲರೂ ನೆಲದ ಮೇಲೆ ಕೂತಿದ್ದರು.

ಕಟ್ಟಕಡೆಗೆ ಬಿಳಿ ಕಾರು ಕಾಣಿಸಿತು. ಅದರ ಹಿಂಭಾಗ ದಡದ ಕಡೆ, ಮುಖ ಸಮುದ್ರದ ಕಡೆ. ರಿವರ್ಸ್ ಅಭ್ಯಾಸವಿಲ್ಲದ ಹುಡುಗ ಗಾಬರಿಯಲ್ಲಿ ಒಮ್ಮೆ ತಪ್ಪು ಗೇರು ಹಾಕಿದ. ಕಾರು ಚಂಗನೆ ಹಡಗಿನೊಳಕ್ಕೆ ಹಾರಿತು.

"ಹುಡುಗ ವಾಪಸ್ ಹೊರಟ!" ಎಂದು ಯಾರೋ ಕಿರುಚಿದರು.

ಅಷ್ಟೇ. ಮದುಮಗಳ ಅಣ್ಣತಮ್ಮಂದಿರು ನಾಲ್ವರೂ ಉದ್ದನೆಯ ಬಿಳಿ ಅಂಗಿ ಎತ್ತಿಕಟ್ಟಿ ಹಡಗಿನೊಳಗೆ ಓಡಿದರು. ಇಬ್ಬರು ಬಾನೆಟ್ಟಿನ ಮೇಲೆ ಮಲಗಿದರು, ಇಬ್ಬರು ಬಾಗಿಲು ಹಿಡಿದರು. ಮಾವ ಏದುಸಿರು ಬಿಡುತ್ತಾ ಬಂದು, ಕಿಟಕಿಯೊಳಗೆ ಕೈ ಹಾಕಿ ಕೀ ಕಿತ್ತುಕೊಂಡರು. "ಏನು ಕಡಿಮೆಯಾಗಿದೆ ನಿನಗೆ? ಹೇಳು, ಈಗಲೇ ಹೇಳು!"

"ರಿವರ್ಸ್ ಗೇರ್ ಬೀಳ್ತಾ ಇಲ್ಲ ಮಾವಾ!" ಹುಡುಗ ಅಳುವುದೊಂದು ಬಾಕಿ. "ನಾನು ಬರ್ತಾ ಇದ್ದೆ! ಹಿಂದಕ್ಕೆ ಬರ್ತಾ ಇದ್ದೆ!"

ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ ಅಜ್ಜಿಗೆ ಆಗ ಎಚ್ಚರವಾಯಿತು. ಸುತ್ತ ಅಷ್ಟು ಜನ, ಬಾನೆಟ್ಟಿನ ಮೇಲೆ ಇಬ್ಬರು, ಎದುರಿನ ಬಾಗಿಲ ಸಂದಿಯಲ್ಲಿ ಸಮುದ್ರ. ಮೊಮ್ಮಗನ ಹೆಗಲು ತಟ್ಟಿ ಕೇಳಿದಳು: "ಮದುವೆ ಆಯ್ತಾ ಮಗನೇ? ಊರಿಗೆ ಹೊರಟೆವಾ? ಊಟವನ್ನೇ ಹಾಕಲಿಲ್ಲವಲ್ಲ ಇವರು!"

ಮೊದಲು ನಕ್ಕದ್ದು ಮಾವ. ಆಮೇಲೆ ಬಾನೆಟ್ಟಿನ ಮೇಲಿದ್ದವರು. ನಗು ಹಡಗಿನಿಂದ ದಡಕ್ಕೆ ದಾಟಿತು, ಡೋಲಿನವರು ಎದ್ದು ನಿಂತರು. ಆದರೆ ಮಾವ ಕೀ ಮಾತ್ರ ಕೊಡಲಿಲ್ಲ. ಜೇಬಿಗೆ ಹಾಕಿ, "ನಿಕಾಹ್ ಮುಗಿಯಲಿ, ಆಮೇಲೆ ನೋಡೋಣ" ಎಂದರು. ಮದುಮಗ ಗೇರು ನ್ಯೂಟ್ರಲ್ಲಿಗೆ ಹಾಕಿ ಕೂತಿರಬೇಕು, ಭಾವಮೈದುನರು ಕಾರನ್ನು ಕೈಯಿಂದ ಹಿಂದಕ್ಕೆ ಎಳೆದುಕೊಂಡು ದಡಕ್ಕೆ ಇಳಿಸಬೇಕು, ಹಾಗೆಂದು ಇತ್ಯರ್ಥವಾಯಿತು.

ಕಾರು ಇಳಿಜಾರಿನಲ್ಲಿ ಮೆಲ್ಲಗೆ ಹಿಂದಕ್ಕೆ ಜಾರುತ್ತಿರುವಾಗ ಪಕ್ಕದಲ್ಲಿ ನಡೆಯುತ್ತಾ ಸನ್ನೆ ಮಾಡುತ್ತಿದ್ದ ಕಾಕ ಕಿಟಕಿಯೊಳಗೆ ತಲೆ ಹಾಕಿದರು. ನಲವತ್ತು ವರ್ಷ ಸಂಸಾರ ಮಾಡಿದ ಮನುಷ್ಯ. ತಮ್ಮ ಹರಕು ಅರಬ್ಬಿಯಲ್ಲಿ ಸಮಾಧಾನ ಹೇಳಿದರು:

"ಮದುಮಗನೇ, ರಿವರ್ಸ್ ಹೋಗೋದಾದರೆ ಇವತ್ತೇ ಮನಸಾರೆ ಹೋಗಿಬಿಡು. ನಾಳೆಯಿಂದ ನಿನ್ನ ಗಾಡಿಗೆ ಆ ಗೇರ್ ಮಾಫಿ!"